ಒಂದು ಹನಿ ರಕ್ತ, ಒಂದು ಅಂಕಿ: ಇಷ್ಟೇ ಸಾಕೆ?

ವಾರ್ಷಿಕ ಮಹಾಸಭೆಯ ದಿನ ಆರೋಗ್ಯ ತಪಾಸಣಾ ಶಿಬಿರ ನಡೆಸುವ ಪದ್ಧತಿ ನಮ್ಮ ಕಡೆಯ ಸಹಕಾರ ಸಂಘಗಳಲ್ಲಿ ಈಗ ಬಹುಮಟ್ಟಿಗೆ ನೆಲೆಯೂರಿದೆ. ಒಳಗೆ ವರದಿ ವಾಚನ, ಲೆಕ್ಕಪತ್ರ ಮಂಡನೆ ನಡೆಯುತ್ತಿರುವಾಗ ಹೊರಗೆ ಜಗಲಿಯಲ್ಲಿ ಒಂದು ಮೇಜು, ಎರಡು ಕುರ್ಚಿ, ಬೆರಳು ಚುಚ್ಚಿ ಸಕ್ಕರೆ ನೋಡುವ ಒಂದು ಪುಟ್ಟ ಯಂತ್ರ. ಸದಸ್ಯರು ಉಪ್ಪಿಟ್ಟು, ಕೇಸರಿಭಾತು ಮುಗಿಸಿ, ಕಾಫಿ ಕುಡಿದು, ಸಾಲಿನಲ್ಲಿ ನಿಂತು ಬೆರಳು ಕೊಡುತ್ತಾರೆ. ಚೀಟಿಯಲ್ಲಿ ಒಂದು ಅಂಕಿ ಬರೆದುಕೊಡಲಾಗುತ್ತದೆ. ಕೆಲವರ ಮುಖ ಅರಳುತ್ತದೆ, ಕೆಲವರ ಮುಖ ಬಾಡುತ್ತದೆ. ಮಧ್ಯಾಹ್ನದ ಊಟವಾಗುವಷ್ಟರಲ್ಲಿ ಚೀಟಿ ಜೇಬಿನಲ್ಲಿ ಮುದುಡಿರುತ್ತದೆ. ಮುಂದಿನ ಮಹಾಸಭೆಯವರೆಗೆ ಆ ವಿಷಯ ಅಲ್ಲಿಗೇ ಮುಕ್ತಾಯ.

ಶಿಬಿರ ನಡೆಸುವವರ ಉದ್ದೇಶ ಒಳ್ಳೆಯದೇ. ಅವರ ಶ್ರಮವನ್ನು ಹಗುರ ಮಾಡುವುದು ಈ ಲೇಖನದ ಇಂಗಿತವಲ್ಲ. ಆದರೆ ಸದಸ್ಯ ಬಾಂಧವರ ಮುಂದೆ ಒಂದು ಮಾತನ್ನು ಸ್ಪಷ್ಟವಾಗಿ ಇಡಬೇಕೆನಿಸುತ್ತದೆ. ಬೆರಳ ತುದಿಯ ಒಂದು ಹನಿಯಿಂದ ದೊರೆಯುವ ಅಂಕಿ ಒಂದು ಸೂಚನೆ ಮಾತ್ರ. ಅದರಿಂದ ಮಧುಮೇಹ ಇದೆ ಎಂದೂ ನಿರ್ಧರಿಸಲಾಗದು, ಇಲ್ಲ ಎಂದೂ ನಿರ್ಧರಿಸಲಾಗದು. ಸೂಚನೆ ಕೊಟ್ಟು ಕೈತೊಳೆದುಕೊಳ್ಳುವ ಶಿಬಿರದಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗಬಹುದು. ನಡೆಸುವುದಾದರೆ ಕೊನೆ ಮುಟ್ಟಿಸುವಂತೆ ನಡೆಸೋಣ ಎಂಬುದೇ ನನ್ನ ವಾದ.

ಕಾಫಿ ಮಾರುವಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ, ನೋಡಿ. ಒಂದೇ ಚೀಲದ ಮೇಲಿನ ಒಂದು ಹಿಡಿ ತೆಗೆದು, ತೇವಾಂಶ ಇಷ್ಟು, ಔಟ್‌ಟರ್ನ್ ಇಷ್ಟು ಎಂದು ವ್ಯಾಪಾರಿ ಹೇಳಿದರೆ ಸುಮ್ಮನೆ ಒಪ್ಪಿ ಬರುವ ಬೆಳೆಗಾರ ನಮ್ಮಲ್ಲಿ ಸಿಗುವುದು ಕಷ್ಟ. ನಾಲ್ಕು ಚೀಲದಿಂದ ತೆಗೆಯಿರಿ, ಬೆರೆಸಿ, ಮತ್ತೊಮ್ಮೆ ನೋಡಿ ಎನ್ನುತ್ತೇವೆ. ಮೀಟರಿನ ಮೇಲೆ ಸಂಶಯ ಬಂದರೆ ಬೇರೆ ಮೀಟರು ಕೇಳುತ್ತೇವೆ. ಒಂದು ಚೀಲ ಚೆರ್ರಿಯ ವಿಷಯದಲ್ಲಿ ಇಷ್ಟು ಎಚ್ಚರವಿರುವ ನಾವು, ನಮ್ಮ ಕಣ್ಣು, ಕಾಲು, ಮೂತ್ರಪಿಂಡಗಳ ಭವಿಷ್ಯಕ್ಕೆ ಸಂಬಂಧಿಸಿದ ಅಂಕಿಯನ್ನು ಮಾತ್ರ ಮರುಮಾತಿಲ್ಲದೆ ಜೇಬಿಗೆ ಹಾಕಿಕೊಳ್ಳುತ್ತೇವೆ.

ದುಡಿಯುವ ಮೈಗೂ ಬರುತ್ತದೆ

ಸಕ್ಕರೆ ಕಾಯಿಲೆ ಪೇಟೆಯವರ ಕಾಯಿಲೆ, ಕುಳಿತು ತಿನ್ನುವವರ ಕಾಯಿಲೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಬಲವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದ ರಾಜ್ಯಗಳಲ್ಲೆಲ್ಲ ನಡೆದ ಸಮೀಕ್ಷೆಯ ಒಟ್ಟು ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರಂತೆ 20 ವರ್ಷ ಮೀರಿದವರಲ್ಲಿ ನೂರಕ್ಕೆ 11.4 ಮಂದಿಗೆ ಮಧುಮೇಹವಿದೆ, ಇನ್ನೂ 15.3 ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಲೆಕ್ಕ ಹಾಕಿದರೆ ಸುಮಾರು 10 ಕೋಟಿ 10 ಲಕ್ಷ ರೋಗಿಗಳು, 13 ಕೋಟಿ 60 ಲಕ್ಷ ಮಂದಿ ಹೊಸ್ತಿಲಲ್ಲಿರುವವರು. ಪಟ್ಟಣಗಳಲ್ಲಿ ಮಧುಮೇಹದ ಪ್ರಮಾಣ ನೂರಕ್ಕೆ 16.4, ಹಳ್ಳಿಗಳಲ್ಲಿ 8.9. ಹಳ್ಳಿಯ ಪ್ರಮಾಣ ಕಡಿಮೆ ಎಂದು ಸಮಾಧಾನಪಡುವಂತಿಲ್ಲ. ಹೊಸ್ತಿಲಲ್ಲಿ ನಿಂತವರ ಪ್ರಮಾಣದಲ್ಲಿ ಪಟ್ಟಣಕ್ಕೂ ಹಳ್ಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಅವರಲ್ಲಿ ಒಂದು ಪಾಲು ನಾಳೆ ಒಳಗೆ ಕಾಲಿಡುವವರೇ.

ನಮ್ಮ ಬದುಕೂ ಮೊದಲಿನಂತಿಲ್ಲ. ಗುಡ್ಡ ಹತ್ತಿ ಇಳಿಯುತ್ತಿದ್ದ ದಾರಿಯಲ್ಲಿ ಜೀಪು, ಸ್ಕೂಟರು ಓಡುತ್ತಿವೆ. ಕಳೆ ತೆಗೆಯಲು ಯಂತ್ರ, ಮದ್ದು ಹೊಡೆಯಲು ಯಂತ್ರ, ಕೊನೆ ಕೊಯ್ಯಲು ದೋಟಿ ಬಂದಿವೆ. ಇವೆಲ್ಲ ಬೇಕಾದವುಗಳೇ. ಆದರೆ ತಟ್ಟೆಯ ಅನ್ನದ ರಾಶಿ ಮಾತ್ರ ಅಜ್ಜನ ಕಾಲದ್ದೇ ಉಳಿದಿದೆ. ಮೇಲಾಗಿ ನಮ್ಮ ದೇಶದವರಿಗೆ ಈ ಕಾಯಿಲೆ ಬರಲು ಮೈ ದಪ್ಪವಾಗಿಯೇ ಇರಬೇಕೆಂದಿಲ್ಲ. ಪಾಶ್ಚಾತ್ಯರಿಗೆ ಹೋಲಿಸಿದರೆ ಕಡಿಮೆ ತೂಕದಲ್ಲಿ, ಕಡಿಮೆ ವಯಸ್ಸಿನಲ್ಲಿ ನಮ್ಮವರಿಗೆ ಬರುತ್ತದೆ ಎಂಬುದು ವೈದ್ಯರು ಚೆನ್ನಾಗಿ ಬಲ್ಲ ಸಂಗತಿ.

ಈ ಕಾಯಿಲೆ ನೋಯುವುದಿಲ್ಲ, ಅದೇ ದೊಡ್ಡ ತೊಂದರೆ. ಕೊಳೆರೋಗ ಬಂದರೆ ಬುಡದಲ್ಲಿ ಕಾಯಿ ಉದುರಿ ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಸಕ್ಕರೆ ಏರಿದರೆ ವರ್ಷಗಟ್ಟಲೆ ಏನೂ ಕಾಣದಿರಬಹುದು. ಅಷ್ಟರಲ್ಲಿ ಕಾಲಿನ ನರ ಮಂಕಾಗುತ್ತದೆ. ತೋಟದಲ್ಲಿ ಬರಿಗಾಲಿನಲ್ಲಿ ನಡೆಯುವವನಿಗೆ ಮುಳ್ಳು ಹೊಕ್ಕದ್ದು, ಕೂಳೆ ಚುಚ್ಚಿದ್ದು ಗೊತ್ತೇ ಆಗುವುದಿಲ್ಲ. ಗಾಯ ಕೀವಾಗಿ, ಬೆರಳು ಕಪ್ಪಾದ ಮೇಲೆ ಆಸ್ಪತ್ರೆಗೆ ಓಡುವುದು ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

ಇರುವೆಗಾಗಿ ಕಾಯಬೇಡಿ

ಮೂತ್ರಕ್ಕೆ ಇರುವೆ ಮುತ್ತಿದರೆ ಸಕ್ಕರೆ ಕಾಯಿಲೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಮಾತು ಸುಳ್ಳಲ್ಲ. ಮಧುಮೇಹ ಎಂಬ ಹೆಸರೇ ಅಲ್ಲಿಂದ ಬಂದದ್ದು. 1776ರಲ್ಲಿ ಮ್ಯಾಥ್ಯೂ ಡಾಬ್ಸನ್ ಎಂಬ ಇಂಗ್ಲಿಷ್ ವೈದ್ಯ ರೋಗಿಯ ಮೂತ್ರದಲ್ಲಿರುವ ಸಿಹಿ ಸಕ್ಕರೆಯೇ ಎಂದು ತೋರಿಸಿದ್ದಲ್ಲದೆ, ರಕ್ತದ ತಿಳಿಯಲ್ಲಿಯೂ ಸಿಹಿ ಇರುವುದನ್ನು ಗುರುತಿಸಿದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ ಎಂಬ ರಸಾಯನಶಾಸ್ತ್ರಜ್ಞನ ನೀಲಿ ದ್ರಾವಣ ಬಂತು. ಅದಕ್ಕೆ ಎಂಟು ಹನಿ ಮೂತ್ರ ಬೆರೆಸಿ ಕಾಯಿಸಿದರೆ ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ನಮ್ಮ ಹಿರಿಯ ಓದುಗರಲ್ಲಿ ಅನೇಕರು ಈ ಬಣ್ಣಗಳನ್ನು ಆಸ್ಪತ್ರೆಯಲ್ಲಿ ಕಂಡಿರುತ್ತಾರೆ.

ಹಾಗಿದ್ದಮೇಲೆ ಮೂತ್ರ ಬಿಟ್ಟು ರಕ್ತಕ್ಕೆ ಏಕೆ ಹೋಗಬೇಕು? ಕೆರೆಯ ಕೋಡಿಯನ್ನು ನೆನೆದರೆ ಉತ್ತರ ಸಿಗುತ್ತದೆ. ಕೆರೆ ತುಂಬಿ ಮಟ್ಟ ಮೀರಿದರೆ ಮಾತ್ರ ಕೋಡಿ ಹರಿಯುತ್ತದೆ. ಮುಕ್ಕಾಲು ತುಂಬಿದಾಗ ಕೋಡಿ ಒಣಗಿಯೇ ಇರುತ್ತದೆ. ಮೂತ್ರಪಿಂಡಕ್ಕೂ ಇಂಥ ಒಂದು ಮಟ್ಟವಿದೆ. 100 ಮಿ.ಲೀ. ರಕ್ತದಲ್ಲಿ ಸಕ್ಕರೆ ಸುಮಾರು 180 ಮಿ.ಗ್ರಾಂ ದಾಟಿದ ಮೇಲೆ ಅದು ಮೂತ್ರಕ್ಕೆ ಚೆಲ್ಲುತ್ತದೆ. ವಯಸ್ಸಾದವರಲ್ಲಿ ಈ ಮಟ್ಟ ಇನ್ನೂ ಮೇಲಕ್ಕೆ ಹೋಗಿರಬಹುದು. ಬರಿಹೊಟ್ಟೆಯಲ್ಲಿ 126 ಆದರೇ ಮಧುಮೇಹವೆಂದು ಎಣಿಸುವಾಗ, 180 ದಾಟುವವರೆಗೆ ಮೂತ್ರ ಏನನ್ನೂ ಹೇಳುವುದಿಲ್ಲ. ಇರುವೆ ಬರುವ ಹೊತ್ತಿಗೆ ಕಾಯಿಲೆ ಮನೆ ಮಾಡಿ ಎಷ್ಟೋ ಕಾಲವಾಗಿರುತ್ತದೆ. ಆದ್ದರಿಂದ ನಿರ್ಣಯ ಆಗಬೇಕಾದದ್ದು ರಕ್ತದಿಂದಲೇ.

ನಿರ್ಣಯದ ನಾಲ್ಕು ದಾರಿ

ರಕ್ತದಿಂದ ನಿರ್ಣಯಿಸಲು ವೈದ್ಯರು ಒಪ್ಪಿಕೊಂಡಿರುವ ದಾರಿಗಳು ನಾಲ್ಕು. ಮೊದಲಿನ ಮೂರೂ ತೋಳಿನ ಅಭಿಧಮನಿಯಿಂದ ಸಿರಿಂಜಿನಲ್ಲಿ ತೆಗೆದ ರಕ್ತವನ್ನು ಲ್ಯಾಬಿನಲ್ಲಿ ನೋಡುವ ಪರೀಕ್ಷೆಗಳು.

ಒಂದು, ಬರಿಹೊಟ್ಟೆಯ ಸಕ್ಕರೆ. ಕನಿಷ್ಠ 8 ಗಂಟೆ ಏನೂ ತಿನ್ನದೆ ರಕ್ತ ಕೊಡಬೇಕು. 126 ಮಿ.ಗ್ರಾಂ ಅಥವಾ ಹೆಚ್ಚಿದ್ದರೆ ಮಧುಮೇಹ. 100ರಿಂದ 125ರವರೆಗೆ ಹೊಸ್ತಿಲು. ವಿಶ್ವ ಆರೋಗ್ಯ ಸಂಸ್ಥೆ ಈ ಹೊಸ್ತಿಲನ್ನು 110ರಿಂದ ಎಣಿಸುತ್ತದೆ.

ಎರಡು, ಗ್ಲೂಕೋಸ್ ಕುಡಿಸಿ ನೋಡುವುದು. ಬರಿಹೊಟ್ಟೆಯಲ್ಲಿ 75 ಗ್ರಾಂ ಗ್ಲೂಕೋಸನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕರಗಿಸಿ ಐದು ನಿಮಿಷದೊಳಗೆ ಕುಡಿಯಬೇಕು. ಎರಡು ಗಂಟೆಯ ಬಳಿಕ ರಕ್ತ ಕೊಡಬೇಕು. ಆ ನಡುವೆ ಬೀಡಿ ಸೇದುವಂತಿಲ್ಲ, ಪೇಟೆ ಸುತ್ತುವಂತಿಲ್ಲ, ಸುಮ್ಮನೆ ಕುಳಿತಿರಬೇಕು. 200 ಅಥವಾ ಹೆಚ್ಚಿದ್ದರೆ ಮಧುಮೇಹ, 140ರಿಂದ 199 ಹೊಸ್ತಿಲು. ಇದು ತುಸು ಕಿರಿಕಿರಿಯ ಪರೀಕ್ಷೆ ನಿಜ. ಆದರೆ ಬರಿಹೊಟ್ಟೆಯಲ್ಲಿ ಸರಿಯಾಗಿದ್ದು ಇಲ್ಲಿ ಮಾತ್ರ ಸಿಕ್ಕಿಬೀಳುವವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಮನೆಯ ತಿಂಡಿ ತಿಂದು ಎರಡು ಗಂಟೆಗೆ ಕೊಡುವ ರಕ್ತ ಇದಕ್ಕೆ ಸಮನಲ್ಲ. ಒಬ್ಬರದು ಎರಡು ದೋಸೆ, ಇನ್ನೊಬ್ಬರದು ಆರು. ಅಳತೆಯೇ ಬೇರೆಯಾದ ಮೇಲೆ ಹೋಲಿಸುವುದು ಹೇಗೆ?

ಮೂರು, ಜನ ಮೂರು ತಿಂಗಳ ಸರಾಸರಿ ಎಂದು ಕರೆಯುವ ಎಚ್‌ಬಿಎ1ಸಿ. ರಕ್ತದ ಕೆಂಪುಕಣದಲ್ಲಿರುವ ಹಿಮೋಗ್ಲೋಬಿನ್ನಿಗೆ ಸಕ್ಕರೆ ಮೆಲ್ಲನೆ ಅಂಟಿಕೊಳ್ಳುತ್ತದೆ. ಕೆಂಪುಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಎಷ್ಟು ಪಾಲು ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟಿದೆ ಎಂದು ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಚಿತ್ರ ಸಿಗುತ್ತದೆ. ಶೇಕಡಾ 6.5 ಅಥವಾ ಹೆಚ್ಚಿದ್ದರೆ ಮಧುಮೇಹ, 5.7ರಿಂದ 6.4 ಹೊಸ್ತಿಲು. ಇದಕ್ಕೆ ಉಪವಾಸ ಬೇಕಿಲ್ಲ. ಚಿಕಿತ್ಸೆ ಪಡೆಯುತ್ತಿರುವವರಿಗೆ ಬಹುಕಾಲದಿಂದ ಮಾಡುತ್ತಿದ್ದ ಈ ಪರೀಕ್ಷೆಯನ್ನು ರೋಗನಿರ್ಣಯಕ್ಕೂ ಬಳಸಬಹುದೆಂದು ಅಮೆರಿಕದ ಮಧುಮೇಹ ಸಂಘ 2010ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಪ್ಪಿದವು.

ನಾಲ್ಕು, ಯಾವ ಹೊತ್ತಿನಲ್ಲಾದರೂ ತೆಗೆದ ರಕ್ತ. ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು, ಇಂಥ ಲಕ್ಷಣಗಳಿದ್ದು ಸಕ್ಕರೆ 200 ಅಥವಾ ಹೆಚ್ಚಿದ್ದರೆ ಅಷ್ಟೇ ಸಾಕು, ಮಧುಮೇಹವೇ. ಲಕ್ಷಣಗಳಿಲ್ಲದಿದ್ದರೆ ಆ ಒಂದು ಅಂಕಿ ಸಾಲದು.

ಇಲ್ಲಿಯೇ ಮುಖ್ಯ ಸೂತ್ರವಿದೆ. ಎದ್ದುಕಾಣುವ ಲಕ್ಷಣಗಳಿಲ್ಲದವರಲ್ಲಿ ಒಂದೇ ಫಲಿತಾಂಶದಿಂದ ಮಧುಮೇಹವೆಂದು ತೀರ್ಮಾನಿಸಕೂಡದು. ಎರಡು ಬೇರೆ ಪರೀಕ್ಷೆಗಳು ಒಂದೇ ಮಾತು ಹೇಳಬೇಕು, ಇಲ್ಲವೇ ಅದೇ ಪರೀಕ್ಷೆಯನ್ನು ಇನ್ನೊಂದು ದಿನ ಮಾಡಿದಾಗಲೂ ಗೆರೆ ದಾಟಿರಬೇಕು. ಜೀವಮಾನವಿಡೀ ಜೊತೆಗಿರುವ ಕಾಯಿಲೆಯ ಹೆಸರು ಕೊಡುವ ಮುನ್ನ ಇಷ್ಟು ಎಚ್ಚರ ಹೆಚ್ಚೇನಲ್ಲ.

ಇನ್ನೊಂದು ಮಾತು. ಬರಿಹೊಟ್ಟೆಯಲ್ಲಿ 140ರವರೆಗೆ ತೊಂದರೆಯಿಲ್ಲ ಎಂದು ಈಗಲೂ ಹೇಳುವ ಹಿರಿಯರಿದ್ದಾರೆ. ಅವರ ಕಾಲಕ್ಕೆ ಅದೇ ಗೆರೆಯಾಗಿತ್ತು. ಅದಕ್ಕಿಂತ ಕಡಿಮೆ ಮಟ್ಟದಲ್ಲಿಯೇ ಕಣ್ಣಿನ ಒಳಪರೆಯ ರಕ್ತನಾಳಗಳು ಕೆಡತೊಡಗುತ್ತವೆ ಎಂಬುದು ಸ್ಪಷ್ಟವಾದ ಮೇಲೆ ಅಮೆರಿಕದ ಮಧುಮೇಹ ಸಂಘ 1997ರಲ್ಲಿ ಗೆರೆಯನ್ನು 126ಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಅದನ್ನೇ ಸ್ವೀಕರಿಸಿತು. ಹಳೆಯ ಗೆರೆಯನ್ನು ಹಿಡಿದುಕೊಂಡು ಧೈರ್ಯವಾಗಿರುವುದು ತರವಲ್ಲ.

ಅಂಕಿ ತಪ್ಪುವುದು ಎಲ್ಲೆಲ್ಲಿ?

ಪರೀಕ್ಷೆ ಸರಿಯಾದದ್ದೇ ಆದರೂ ಅದು ನಮ್ಮ ಕಡೆ ನಡೆಯುವ ರೀತಿಯಲ್ಲಿ ಅಂಕಿ ದಾರಿ ತಪ್ಪುವ ಸಂದರ್ಭಗಳು ಹಲವು.

ಮೊದಲನೆಯದು ನಮ್ಮ ಕಾಫಿಯೇ. ಬರಿಹೊಟ್ಟೆಯಲ್ಲಿ ಬನ್ನಿ ಎಂದರೆ ತಿಂಡಿ ತಿನ್ನದೆ ಬರುತ್ತೇವೆ. ಆದರೆ ಎದ್ದ ಕೂಡಲೇ ಕುಡಿದ ಬೆಲ್ಲದ ಕಾಫಿ ನಮಗೆ ಲೆಕ್ಕಕ್ಕೇ ಇಲ್ಲ. ಸಕ್ಕರೆ ಹಾಕದ ಕಾಫಿಯೂ ಬೇಡ. ಬರಿಯ ನೀರು ಮಾತ್ರ ಕುಡಿಯಬಹುದು. ಇದಕ್ಕೆ ಎದುರಾದ ಇನ್ನೊಂದು ಚಾಳಿಯೂ ಉಂಟು. ಪರೀಕ್ಷೆಯಲ್ಲಿ ಪಾಸಾಗಬೇಕೆಂದು ಎರಡು ಮೂರು ದಿನ ಅನ್ನ ಬಿಟ್ಟು, ಸಿಹಿ ಬಿಟ್ಟು ಹೋಗುವುದು. ತೋಟದ ಒಳ್ಳೆಯ ಮೂಲೆಯ ಮಣ್ಣನ್ನಷ್ಟೇ ಆರಿಸಿ ಮಣ್ಣು ಪರೀಕ್ಷೆಗೆ ಕಳಿಸಿದಂತೆ ಇದು. ಮೋಸ ಹೋಗುವವರು ನಾವೇ. ಗ್ಲೂಕೋಸ್ ಪರೀಕ್ಷೆಗೆ ಮುಂಚಿನ ಮೂರು ದಿನ ಎಂದಿನ ಊಟವನ್ನೇ ಮಾಡಿರಬೇಕೆಂಬುದು ನಿಯಮ.

ಎರಡನೆಯದು ಬೆರಳು. ಕಿತ್ತಳೆ ಸುಲಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಯಂತ್ರ ತೋರಿಸುವುದು ಹಣ್ಣಿನ ಸಕ್ಕರೆಯನ್ನೂ ಸೇರಿಸಿಯೇ. ಸ್ಪಿರಿಟ್ಟಿನ ಹತ್ತಿಯಲ್ಲಿ ಒಮ್ಮೆ ಒರೆಸಿದರೆ ಸಾಲದು. ನೀರಿನಲ್ಲಿ ತೊಳೆದು ಒಣಗಿಸಿಕೊಳ್ಳಬೇಕು. ಹಲಸಿನ ಹಣ್ಣು, ಜೇನು, ಹಣ್ಣು ಕಾಫಿಯ ಲೋಳೆ ಹತ್ತಿದ ಕೈಗಳಿಗೂ ಇದೇ ಮಾತು. ಕೇಸರಿಭಾತು ತಿಂದು ಕರವಸ್ತ್ರಕ್ಕೆ ಒರೆಸಿಕೊಂಡ ಕೈಯ ವಿಷಯ ಹೇಳಬೇಕಾಗಿಲ್ಲ.

ಮೂರನೆಯದು ಯಂತ್ರ ಮತ್ತು ಪಟ್ಟಿ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಒಳ್ಳೆಯ ಗ್ಲುಕೋಮೀಟರಿಗೂ ನೂರಕ್ಕೆ 15ರಷ್ಟು ಆಚೀಚೆ ಆಗಲು ಅವಕಾಶವಿದೆ. ಅಂದರೆ ನಿಜವಾಗಿ 126 ಇದ್ದರೆ ಯಂತ್ರ 108 ಎಂದರೂ, 144 ಎಂದರೂ ಅದು ನಿಯಮದೊಳಗೇ ಇದೆ. ಮನೆಯಲ್ಲಿ ಚಿಕಿತ್ಸೆಯ ಏರಿಳಿತ ನೋಡಲು ಇಷ್ಟು ಸಾಕು; ಕಾಯಿಲೆ ಇದೆಯೇ ಇಲ್ಲವೇ ಎಂದು ಗೆರೆಯ ಮೇಲೆ ನಿಂತವನ ಹಣೆಬರಹ ಬರೆಯಲು ಸಾಲದು. ಸಾಲದ್ದಕ್ಕೆ ಪಟ್ಟಿಗಳಿಗೆ ತೇವ ಆಗದು. ನಮ್ಮ ಮಹಾಸಭೆಗಳು ನಡೆಯುವುದು ಹೆಚ್ಚಾಗಿ ಸೆಪ್ಟೆಂಬರಿನಲ್ಲಿ. ಆಗ ಗೋಡೆಯೂ ಬೆವರುತ್ತಿರುತ್ತದೆ. ಪಟ್ಟಿಯ ಡಬ್ಬಿಯ ಮುಚ್ಚಳ ತೆರೆದಿಟ್ಟು ನೂರು ಜನರ ಬೆರಳು ಚುಚ್ಚಿದರೆ ಕೊನೆಯ ಐವತ್ತು ಅಂಕಿಗಳನ್ನು ಎಷ್ಟು ನಂಬಬೇಕು?

ನಾಲ್ಕನೆಯದು ಹೆಚ್ಚಿನವರಿಗೆ ತಿಳಿಯದ ಸಂಗತಿ, ರಕ್ತ ಲ್ಯಾಬಿಗೆ ಹೋಗುವ ದಾರಿ. ಕೊಯ್ದ ಹಣ್ಣನ್ನು ರಾಶಿ ಹಾಕಿ ಮರುದಿನ ಪಲ್ಪರಿಗೆ ಹಾಕಿದರೆ ಏನಾಗುತ್ತದೆಂದು ನಮಗೆ ಗೊತ್ತು. ಟ್ಯೂಬಿನ ರಕ್ತವೂ ಸುಮ್ಮನಿರುವುದಿಲ್ಲ. ಅದರಲ್ಲಿನ ಜೀವಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಸಾಮಾನ್ಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು ನೂರಕ್ಕೆ 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ಮೂಡಿಗೆರೆ ಕಡೆ ಬೆಳಿಗ್ಗೆ ತೆಗೆದ ರಕ್ತ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಲ್ಯಾಬು ಸೇರುವಷ್ಟರಲ್ಲಿ ಮೂರು ಗಂಟೆಯಾದರೆ, 130 ಇದ್ದದ್ದು 110ರ ಆಸುಪಾಸಿಗೆ ಬಂದಿರಬಹುದು. ಮಧುಮೇಹಿಯ ಕೈಗೆ ನಿರೋಗಿಯ ವರದಿ! ಬೂದು ಮುಚ್ಚಳದ ಟ್ಯೂಬಿನಲ್ಲಿ ಫ್ಲೋರೈಡ್ ಹಾಕಿರುವುದು ಇದನ್ನು ತಡೆಯಲೆಂದೇ. ಆದರೆ ಅದರ ಪರಿಣಾಮ ಪೂರ್ತಿ ಹತ್ತಲು ಒಂದೆರಡು ಗಂಟೆ ಬೇಕು. ರಕ್ತವನ್ನು ಕೂಡಲೇ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡಬೇಕು, ಅಥವಾ ಅರ್ಧ ಗಂಟೆಯೊಳಗೆ ಯಂತ್ರದಲ್ಲಿ ತಿರುಗಿಸಿ ತಿಳಿಯನ್ನು ಬೇರೆ ಮಾಡಬೇಕು. ರಕ್ತ ಕೊಡುವಾಗ, 'ಇದು ಎಲ್ಲಿಗೆ ಹೋಗುತ್ತದೆ, ಎಷ್ಟು ಹೊತ್ತಿಗೆ?' ಎಂದು ಕೇಳುವ ಹಕ್ಕು ನಮಗಿದೆ.

ಐದನೆಯದು ಮೂರು ತಿಂಗಳ ಸರಾಸರಿಯ ಮಿತಿ. ಅದು ಕೆಂಪುಕಣವನ್ನು ನಂಬಿದ ಪರೀಕ್ಷೆ. ಕೆಂಪುಕಣವೇ ಸರಿಯಿಲ್ಲದಿದ್ದರೆ ಅಂಕಿಯೂ ಸರಿಯಿರದು. ಕಬ್ಬಿಣದ ಅಂಶ ಕಡಿಮೆಯಾಗಿ ಬಂದ ರಕ್ತಹೀನತೆಯಲ್ಲಿ ಅಂಕಿ ಇರುವುದಕ್ಕಿಂತ ಹೆಚ್ಚು ತೋರಬಹುದು. ರಕ್ತಸ್ರಾವವಾಗಿದ್ದರೆ, ಈಚೆಗೆ ರಕ್ತ ಹಾಕಿಸಿಕೊಂಡಿದ್ದರೆ, ಅಥವಾ ಕೆಂಪುಕಣ ಕುಡುಗೋಲಿನಂತೆ ಬಾಗಿ ಬೇಗ ಸಾಯುವ ಸಿಕಲ್ ಸೆಲ್ ರಕ್ತದೋಷವಿದ್ದರೆ ಅಂಕಿಯನ್ನು ನೆಚ್ಚುವಂತಿಲ್ಲ. ನಮ್ಮ ತೋಟಗಳಲ್ಲಿ ದುಡಿಯುವ ಹೆಂಗಸರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದು ಬಲ್ಲವರು ಈ ಒಂದೇ ಪರೀಕ್ಷೆಯನ್ನು ನಂಬಿ ಕೂರಲಾರರು. ಅಂಥವರಿಗೆ ಸಕ್ಕರೆಯನ್ನೇ ನೇರವಾಗಿ ಅಳೆಯಬೇಕು.

ಕೊನೆಯದಾಗಿ, ಜ್ವರ ಬಂದಾಗ, ಸೋಂಕು ತಗಲಿದಾಗ, ಮಂಡಿನೋವಿಗೋ ಉಬ್ಬಸಕ್ಕೋ ಸ್ಟೀರಾಯ್ಡ್ ಔಷಧ ಪಡೆಯುತ್ತಿರುವಾಗ ಸಕ್ಕರೆ ಏರುವುದುಂಟು. ಆ ದಿನಗಳ ಅಂಕಿಯನ್ನು ನೋಡಿ ಶಾಶ್ವತ ತೀರ್ಮಾನ ಮಾಡಬಾರದು. ಹಾಗೆಂದು ಮರೆತೂ ಬಿಡಬಾರದು. ಗುಣವಾದ ಮೇಲೆ ಮತ್ತೆ ನೋಡಿಸಬೇಕು.

ಎರಡು ಬಗೆಯ ನಷ್ಟ

ಈ ತಪ್ಪುಗಳಿಂದಾಗುವ ನಷ್ಟ ಎರಡು ಬಗೆಯದು. ತಿಂಡಿಯಾದ ಬಳಿಕ 165 ಬಂದದ್ದನ್ನೇ ಕಾಯಿಲೆಯೆಂದು ತಿಳಿದು ಅನ್ನ ಬಿಟ್ಟು, ಯಾರೋ ಹೇಳಿದ ಪುಡಿಗೆ ಹಣ ಸುರಿದು, ಸೊರಗಿದವರು ಒಂದು ಕಡೆ. ನಾಲ್ಕು ಗಂಟೆ ತಡವಾಗಿ ಲ್ಯಾಬು ಸೇರಿದ ರಕ್ತದಲ್ಲಿ 112 ಬಂತೆಂದು ನೆಮ್ಮದಿಯಿಂದ ಐದು ವರ್ಷ ಕಳೆದು, ಕಣ್ಣು ಮಂಜಾದ ಮೇಲೆ ಎಚ್ಚೆತ್ತವರು ಇನ್ನೊಂದು ಕಡೆ. ಎರಡನೆಯವರ ನಷ್ಟ ತುಂಬಿಕೊಳ್ಳಲಾಗದ್ದು.

ಹೊಸ್ತಿಲಲ್ಲಿ ಇದ್ದಾಗಲೇ ಗೊತ್ತಾದವರಿಗೆ ಇರುವ ಅನುಕೂಲವೂ ಸಣ್ಣದಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಹೊಸ್ತಿಲಲ್ಲಿದ್ದ ಭಾರತೀಯರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡಿಗೆ ಮತ್ತು ಆಹಾರದ ಬದಲಾವಣೆಯಿಂದಲೇ ಮಧುಮೇಹಕ್ಕೆ ಜಾರುವ ಸಂಭವ ನೂರಕ್ಕೆ 28ಕ್ಕೂ ಹೆಚ್ಚು ಕಡಿಮೆಯಾಯಿತು. ತೋಟ ಸುತ್ತುವ ದಾರಿ ನಮಗೆ ಅಂಗಳದಾಚೆಯೇ ಇದೆ.

ಗರ್ಭಿಣಿಯರ ವಿಷಯ ಪ್ರತ್ಯೇಕ. ಅವರಿಗೆ ಉಪವಾಸದ ಗೊಡವೆಯಿಲ್ಲದೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡುತ್ತಾರೆ. 140 ಅಥವಾ ಹೆಚ್ಚಿದ್ದರೆ ಚಿಕಿತ್ಸೆ ಬೇಕು. ಮೊದಲ ಭೇಟಿಯಲ್ಲಿ ಒಮ್ಮೆ, ಅಲ್ಲಿ ಸರಿಯಿದ್ದರೆ 24ರಿಂದ 28ನೆಯ ವಾರದಲ್ಲಿ ಮತ್ತೊಮ್ಮೆ ಮಾಡಬೇಕೆಂಬುದು ಕೇಂದ್ರ ಸರ್ಕಾರದ ಮಾರ್ಗಸೂಚಿ. ಲೈನು ಮನೆಗಳಲ್ಲಿರುವ ಕಾರ್ಮಿಕ ಹೆಂಗಸರಿಗೂ ಇದು ಸಿಗುತ್ತಿದೆಯೇ ಎಂದು ವಿಚಾರಿಸುವುದು ತೋಟದ ಮಾಲೀಕರ ಕರ್ತವ್ಯ.

ಸಂಘ ಏನು ಮಾಡಬಹುದು?

ಟೀಕೆ ಮಾಡುವುದು ಸುಲಭ. ಆದ್ದರಿಂದ ಕೆಲವು ಸಲಹೆಗಳನ್ನು ಆಡಳಿತ ಮಂಡಳಿಯ ಮುಂದಿಡುತ್ತೇನೆ.

ಮಹಾಸಭೆಯ ಗದ್ದಲದ ದಿನ ಬೇಡ. ಕೊಯ್ಲು ಮುಗಿದು ಕೈ ಸ್ವಲ್ಪ ಬಿಡುವಾದ ಮೇಲೆ, ಶಾಖೆಗೊಂದು ದಿನ ಗೊತ್ತುಮಾಡಿ, ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಬರಿಹೊಟ್ಟೆಯ ಶಿಬಿರ ನಡೆಸಲಿ. ಹಿಂದಿನ ದಿನವೇ ಸದಸ್ಯರಿಗೆ ಕಾಫಿ ಕುಡಿಯದೆ ಬರುವಂತೆ ತಿಳಿಸಲಿ. ಪರೀಕ್ಷೆಯಾದ ಮೇಲೆ ತಿಂಡಿ ಕಾಫಿ ಸಂಘದ್ದೇ ಇರಲಿ.

ಬೆರಳು ಚುಚ್ಚಿ ನೋಡುವುದು ಮೊದಲ ಜರಡಿ ಎಂದು ಚೀಟಿಯ ಮೇಲೆಯೇ ಅಚ್ಚು ಹಾಕಿಸಲಿ. ಬರಿಹೊಟ್ಟೆಯಲ್ಲಿ 100 ದಾಟಿದವರೆಲ್ಲರ ತೋಳಿನ ರಕ್ತವನ್ನು ಅಲ್ಲಿಯೇ ತೆಗೆದು, ತಂಪಿನಲ್ಲಿಟ್ಟು, ತಾಲೂಕು ಆಸ್ಪತ್ರೆಯ ಅಥವಾ ನಂಬಿಕೆಯ ಲ್ಯಾಬಿಗೆ ಹೊತ್ತು ಮೀರದಂತೆ ಮುಟ್ಟಿಸಲಿ. ಅಲ್ಲಿಯೂ ಗೆರೆ ದಾಟಿದವರಿಗೆ ಎರಡನೆಯ ಪರೀಕ್ಷೆ ಆಗುವವರೆಗೆ ಸಂಘದ ಒಬ್ಬ ನೌಕರ ಬೆನ್ನು ಹತ್ತಲಿ. ಸಾಲದ ಕಂತು ತಪ್ಪಿದರೆ ನೋಟೀಸು ಕಳಿಸುವ ಸಂಘಕ್ಕೆ ಇದಕ್ಕೊಂದು ಪುಸ್ತಕ ಇಡುವುದು ಭಾರವಲ್ಲ.

ಅಂಕಿಯನ್ನು ಗುಟ್ಟಾಗಿಡಲಿ. ಒಂದು ಶಿಬಿರದಲ್ಲಿ ಹೆಸರು ಕರೆದು ಧ್ವನಿವರ್ಧಕದಲ್ಲಿಯೇ ಸಕ್ಕರೆಯ ಅಂಕಿ ಓದಿದ್ದನ್ನು ಕೇಳಿದ್ದೇನೆ. ಮದುವೆಗೆ ಮಕ್ಕಳಿರುವ ಮನೆಯವರು ಮರುವರ್ಷ ಆ ಕಡೆ ತಲೆ ಹಾಕುತ್ತಾರೆಯೇ? ನಾಚಿಕೆಗೆ ಅಂಜಿ ಪರೀಕ್ಷೆಯನ್ನೇ ತಪ್ಪಿಸಿಕೊಳ್ಳುವ ಯುವಕರು ನಮ್ಮಲ್ಲಿದ್ದಾರೆ. ಅವರನ್ನು ಹಾಗೆ ಮಾಡಿದವರು ನಾವೇ.

ಕಾರ್ಮಿಕರನ್ನು ಹೊರಗಿಡುವುದು ಬೇಡ. ಸದಸ್ಯರಿಗೆ ಮಾತ್ರ ಎಂಬ ಫಲಕ ಈ ವಿಷಯದಲ್ಲಿ ಶೋಭಿಸದು. ಕೊನೆಗಾರನ ಕಾಲಿನ ಸ್ಪರ್ಶ ಹೋದರೆ ಮರದ ಮೇಲಿರುವ ಅವನ ಪ್ರಾಣವೇ ಗಂಡಾಂತರದಲ್ಲಿ. 30 ವರ್ಷ ದಾಟಿದ ಎಲ್ಲರಿಗೂ ಸಕ್ಕರೆ, ರಕ್ತದೊತ್ತಡ ನೋಡುವ ಸರ್ಕಾರಿ ಕಾರ್ಯಕ್ರಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಇದೆ. ಆಶಾ ಕಾರ್ಯಕರ್ತೆಯರನ್ನು ಮತ್ತು ಕೇಂದ್ರದ ವೈದ್ಯಾಧಿಕಾರಿಯನ್ನು ಮೊದಲೇ ಕಂಡು ಮಾತಾಡಿದರೆ ಶಿಬಿರದ ಅರ್ಧ ಕೆಲಸ ಅವರಿಂದಲೇ ಆದೀತು.

ಇದು ಸಂಘದ ಕೆಲಸವೇ ಎಂದು ಕೇಳುವವರು ಇದ್ದೇ ಇರುತ್ತಾರೆ. 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, ಮತ್ತೆ ಜಾರಿಗೆ ಬಂದ ಯಶಸ್ವಿನಿ ಯೋಜನೆ ಸಹಕಾರಿಗಳ ಹೆಗಲ ಮೇಲೆಯೇ ನಡೆದದ್ದಲ್ಲವೇ? ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ನೆರವಾಗುವ ಯೋಜನೆ. ಕಾಲು ಕತ್ತರಿಸುವ ಹಂತಕ್ಕೆ ಹೋಗದಂತೆ ಮೊದಲೇ ನೋಡಿಕೊಳ್ಳುವುದು ಅದಕ್ಕಿಂತ ಅಗ್ಗದ ಸಹಕಾರ. ಖರ್ಚಿನ ಮಾತು ಎತ್ತುವವರು ತಮ್ಮ ತೋಟದ ಒಂದು ಸುತ್ತಿನ ಮೈಲುತುತ್ತದ ಬಿಲ್ಲನ್ನು ಪಕ್ಕದಲ್ಲಿಟ್ಟು ನೋಡಲಿ.

ಬೆಳೆಗಾರ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಮನೆಯಲ್ಲಿ 30 ದಾಟಿದವರೆಲ್ಲರೂ, ತಂದೆತಾಯಿಗೆ ಸಕ್ಕರೆ ಕಾಯಿಲೆ ಇದ್ದವರು ಅದಕ್ಕೂ ಮೊದಲೇ, ಲ್ಯಾಬಿನಲ್ಲಿ ಒಮ್ಮೆ ರಕ್ತ ಕೊಟ್ಟು ನೋಡಿ. ಅಂಕಿ ಗೆರೆ ದಾಟಿದ್ದರೆ ಗಾಬರಿಯಾಗದೆ ಎರಡನೆಯ ಸಲ ನೋಡಿಸಿ; ಎರಡನೆಯ ಸಲವೂ ದಾಟಿದ್ದರೆ ನೆಪ ಹೇಳದೆ ವೈದ್ಯರ ಮಾತು ಕೇಳಿ. ಸರಿಯಿದ್ದರೆ ವರದಿಯನ್ನು ಪಹಣಿ, ಪಾಸ್‌ಪುಸ್ತಕಗಳ ಜೊತೆ ಜೋಪಾನವಾಗಿಟ್ಟು, ವೈದ್ಯರು ಹೇಳಿದ ಅವಧಿಗೆ ಮತ್ತೆ ಹೋಗಿ. ಬರುವ ಮಹಾಸಭೆಯಲ್ಲಿ ಈ ಬಗ್ಗೆ ಒಂದು ಠರಾವು ಮಂಡಿಸುವವನಿದ್ದೇನೆ. ಅನುಮೋದಿಸಲು ಯಾವುದಾದರೂ ಶಾಖೆಯ ಸದಸ್ಯರೊಬ್ಬರು ಮುಂದೆ ಬರಬೇಕಾಗಿ ಕೋರುತ್ತೇನೆ.